ಮಂಗಳವಾರದ ಕುರ್ಚಿ

ಮೂರನೇ ಸಲವೂ ಜಟ್ಟೆಮ್ಮ ಎಡಕ್ಕೆ ವಾಲಿದಳು. ಲಕ್ಷ್ಮಿದೇವಿ ಓಡಿಹೋಗಿ ಅವ್ವನ ಭುಜಕ್ಕೆ ತನ್ನ ಭುಜ ಕೊಟ್ಟಳು. ಪ್ಲಾಸ್ಟಿಕ್ ಕುರ್ಚಿಯ ಹಿಂದಿನ ಕಾಲು ಇನ್ನಷ್ಟು ಬಾಗಿತು.

"ಈ ಕುರ್ಚಿ ನಡಿಯಂಗಿಲ್ಲ," ಎಂದ ಸೋದರಮಾವ ಮುತ್ತಣ್ಣ, ಹಗ್ಗ ಹಿಡಿದು ನಿಂತವನು. "ಬೆನ್ನು ಎತ್ತರ ಇರೋದು ಬೇಕು. ತಲಿಗೆ ಆಸರ ಬ್ಯಾಡೇನು?"

ರಾಯಚೂರು ಕಡೆಯ ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈತೊಳೆದು, ಹಣೆತುಂಬ ವಿಭೂತಿ ಬಳಿದು, ಕುರ್ಚಿಯಲ್ಲಿ ಕೂರಿಸಿ, ಕೂತಂತೆಯೇ ಮಣ್ಣಿಗೆ ಒಯ್ಯುತ್ತಾರೆ. ಆದರೆ ಹೊರಮಾವು ಬಡಾವಣೆಯ ಆ ವಠಾರದ ಎಂಟು ಬಾಡಿಗೆ ಕೋಣೆಗಳಲ್ಲಿ ಬೆನ್ನೆತ್ತರದ ಕುರ್ಚಿ ಒಂದೂ ಇರಲಿಲ್ಲ. ಎಲ್ಲರೂ ನೆಲದ ಮೇಲೆ ಕೂರುವವರು.

ಅಷ್ಟರಲ್ಲಿ ಗೇಟಿನ ಬಳಿ ಲಗೇಜ್ ಆಟೋ ನಿಂತಿತು. ಅರವತ್ತು ದಾಟಿದ ಹೆಂಗಸೊಬ್ಬಳು ತಲೆಮೇಲೆ ಸೆರಗೆಳೆದುಕೊಂಡು, ಕಂಕುಳಲ್ಲಿ ಬುಟ್ಟಿ ಇಟ್ಟುಕೊಂಡು ಇಳಿದಳು. ಜಹನಾರಾ. ಪುಲಿಕೇಶಿನಗರದಲ್ಲಿ ಅವಳ ಟೀ ರೂಮು. ಜಟ್ಟೆಮ್ಮ ಹನ್ನೊಂದು ವರ್ಷ ಅಲ್ಲಿ ಕಪ್ಪು-ಬಸಿ ತೊಳೆದಿದ್ದಳು. ಆಟೋದ ಹಿಂದೆ ಹಗ್ಗ ಬಿಗಿದ ಒಂದು ಕುರ್ಚಿ. ಕಪ್ಪು ಮರ, ಬೆನ್ನಿನ ಜಾಗದಲ್ಲಿ ಬೆಳ್ಳಿಬಣ್ಣದ ದೊಡ್ಡ ಅರ್ಧಚಂದ್ರ, ಅದರ ತುದಿಗೆ ಮೂರು ತಗಡಿನ ನಕ್ಷತ್ರ.

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ನೋಡಿದರು. "ನಾಟಕದ ಕುರ್ಚಿ ಇದ್ದಂಗ ಅದ," ಎಂದಿತು ಒಂದು ದನಿ.

"ಮಂಜುಳಮ್ಮ ಫೋನಲ್ಲಿ ಹೇಳಿದ್ರು, ಕುರ್ಚಿ ಹುಡುಕ್ತಾ ಇದ್ದೀರಾ ಅಂತ," ಎಂದಳು ಜಹನಾರಾ, ಮನೆಯೊಡತಿಯತ್ತ ತಲೆಯಾಡಿಸಿ. "ಇದು ಅವಳ್ದೇ. ಅದ್ಕೇ ತಂದೆ."

"ಆಕಿದು ಅಂದ್ರ?" ಎಂದ ಮುತ್ತಣ್ಣ.

"ಅವಳು ಕೂರ್ತಾ ಇದ್ದಿದ್ದು ಇದ್ರಲ್ಲೇ. ಪ್ರತಿ ಮಂಗಳವಾರ."

ಲಕ್ಷ್ಮಿದೇವಿಗೆ ತಾನು ಕೇಳಿದ್ದರ ಮೇಲೆ ನಂಬಿಕೆ ಬರಲಿಲ್ಲ. ಹತ್ತು ಜನರ ಎದುರು ಬಾಯಿ ಬಿಡುವ ಹುಡುಗಿಯಲ್ಲ ಅವಳು. ಆದರೂ ಕೇಳಿಬಿಟ್ಟಳು. "ಮಂಗಳವಾರ ದೊಡ್ಡ ಕೆಲಸ ಇರುತ್ತೆ ಅಂತಿದ್ಲು ಅವ್ವ."

"ಯಾವ ಕೆಲ್ಸ ಬೇಟಾ? ಮಂಗಳವಾರ ನಮ್ದು ರಜಾ."

*

ಹಿಂದಿನ ವರ್ಷ ಟೈಫಾಯಿಡ್ ಬಂದು ಲಕ್ಷ್ಮಿದೇವಿ ಗಾರ್ಮೆಂಟ್ಸಿಗೆ ಹೋಗದೆ ಹದಿನೈದು ದಿನ ಮಲಗಿದ್ದಳು. ಒಂದು ಮಂಗಳವಾರ ಮಧ್ಯಾಹ್ನ ಅವ್ವ ಅವಳ ತಲೆದೆಸೆಯಲ್ಲಿ ನೀರಿನ ಚೊಂಬಿಟ್ಟು ಸೀರೆ ಬದಲಿಸಿದಳು.

"ಇವತ್ತೊಂದಿನ ಇರವ್ವ."

"ಮಂಗಳಾರ ಬಿಡಾಕ ಬರಂಗಿಲ್ಲ, ಮಗಳ. ಆರಕ್ಕ ಬಂದ್ಬಿಡ್ತೀನಿ."

ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಬದಲಿಸಿ ಅವ್ವ ಮರಳುವಾಗ ಏಳಾಗಿತ್ತು. ಚೊಂಬು ಉರುಳಿ, ಚಾಪೆಯೆಲ್ಲ ಒದ್ದೆಯಾಗಿತ್ತು.

ಅದಕ್ಕೂ ಮೊದಲು ಒಮ್ಮೆ, ಒಂದು ಶನಿವಾರ, ಕೋಣೆಯ ಬೀಗದ ಕೈ ಕೊಡಲು ಲಕ್ಷ್ಮಿದೇವಿ ಆ ಟೀ ರೂಮಿಗೇ ಹೋಗಿದ್ದಳು. ಹಳೇ ಬಂಗಲೆ. ಅಂಗಳದ ಮಾವಿನ ಮರದ ತುಂಬ ಮೂತಿ ಮುರಿದ ಟೀ ಪಾಟುಗಳನ್ನು ನೇತುಹಾಕಿದ್ದರು. ಒಂದರಲ್ಲಿ ಗುಬ್ಬಿ ಗೂಡು ಕಟ್ಟಿತ್ತು. ಒಂದು ಕುರ್ಚಿಯಂತೆ ಇನ್ನೊಂದಿರಲಿಲ್ಲ. ಕ್ಷೌರದಂಗಡಿಯದೊಂದು, ಟಾಕೀಸಿನದೊಂದು, ಇಗರ್ಜಿಯ ಬೆಂಚೊಂದು. ಮುಚ್ಚಿಹೋದ ಜಾಗಗಳಿಂದ ಜಹನಾರಾ ಹುಡುಕಿ ತಂದವು. ಸಂಜೆ ನಾಲ್ಕರ ಚಹಾಕ್ಕೆ ಬಂದವರು ನಗುತ್ತ ಕುರ್ಚಿ ಆರಿಸಿಕೊಳ್ಳುತ್ತಿದ್ದರು. ಮೂಲೆಯಲ್ಲಿ ಚಂದ್ರನ ಕುರ್ಚಿ, ಶಿವಾಜಿನಗರದ ಯಾವುದೋ ಫೋಟೋ ಸ್ಟುಡಿಯೋದ್ದು, ಖಾಲಿಯಿತ್ತು. ಲಕ್ಷ್ಮಿದೇವಿ ಅದರ ತೋಳು ಮುಟ್ಟಿದಳು.

"ಕೂಡಬ್ಯಾಡ!" ಹಿತ್ತಲ ಬಾಗಿಲಲ್ಲಿ ಅವ್ವ, ಮೊಣಕೈವರೆಗೆ ಸೋಪಿನ ನೊರೆ. "ಅದು ಗಿರಾಕಿ ಕೂಡೋದು."

*

"ನಾನೇ ಮಾಡಿದ್ದು ರೂಲು," ಎನ್ನುತ್ತಿದ್ದಳು ಜಹನಾರಾ. "ಮಂಗಳವಾರ ಕೆಲಸದವರು ಗಿರಾಕಿ, ನಾನು ಕೆಲಸದವಳು. ಬಾಕಿಯವ್ರು ನಾಚ್ಕೊಂಡು ನಾಲ್ಕು ವಾರಕ್ಕೇ ಬಿಟ್ರು. ಇವಳು ಬಿಡ್ಲಿಲ್ಲ. ನಾಲ್ಕು ಗಂಟೆಗೆ ಬಂದು ಕೂತ್ರೆ ಐದಕ್ಕೇ ಏಳೋದು."

"ಕುಂತು ಏನ್ ಮಾಡ್ತಿದ್ಲು?" ಮುತ್ತಣ್ಣನಿಗೂ ಅರ್ಥವಾಗಿರಲಿಲ್ಲ.

"ಏನಿಲ್ಲ. ತಪ್ಪು ತೆಗೀತಿದ್ಲು." ಜಹನಾರಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಚಾ ಆರೈತೆ, ಬಿಸ್ಕತ್ ಮೆತ್ತಗಾಗೈತೆ, ಸಕ್ರಿ ಕಮ್ಮಿ. ಹನ್ನೊಂದು ವರ್ಷದಲ್ಲಿ ಒಂದಿನಾನೂ ಚೆನ್ನಾಗಿದೆ ಅನ್ಲಿಲ್ಲ ಮಹಾರಾಣಿ."

ವಠಾರದವರು ಒಬ್ಬರ ಮುಖ ಒಬ್ಬರು ನೋಡಿದರು. ಹಳಸಿದ ಅನ್ನವನ್ನೂ ಸೊಲ್ಲೆತ್ತದೆ ಉಂಡು ಏಳುತ್ತಿದ್ದ ಜಟ್ಟೆಮ್ಮ!

ಲಕ್ಷ್ಮಿದೇವಿಗೆ ಒಂದೇ ಮಾತು ಬೇಕಿತ್ತು. ಜಹನಾರಾಳ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು. "ನನ್ನ ವಿಷ್ಯ ಏನಾದ್ರೂ ಹೇಳ್ತಿದ್ಲಾ? ಹುಷಾರಿಲ್ಲದೆ ಮಲಗಿದ್ದಾಗ?"

ಜಹನಾರಾ ಅವಳ ಕೈ ಹಿಡಿದುಕೊಂಡಳು. "ಇಲ್ಲ ಬೇಟಾ. ಸುಳ್ಳು ಹೇಳ್ಬಾರ್ದು ಇವತ್ತು. ಆ ಒಂದು ಗಂಟೆ ಅವಳು ಯಾರ್ ವಿಷ್ಯಾನೂ ಹೇಳ್ತಿರ್ಲಿಲ್ಲ."

ಇದಕ್ಕೆ ಸಿಟ್ಟಾಗಬೇಕೋ ಅಳಬೇಕೋ ತಿಳಿಯದೆ ಲಕ್ಷ್ಮಿದೇವಿ ನಿಂತಳು. ಒದ್ದೆ ಚಾಪೆ ನೆನಪಾಯಿತು. ನೊರೆ ಮೆತ್ತಿದ ಕೈಯೂ ನೆನಪಾಯಿತು. ಎರಡೂ ಒಂದೇ ಹೆಂಗಸಿನವು ಎಂಬುದು ಅವಳ ತಲೆಯೊಳಗೆ ಕೂರಲೊಲ್ಲದು.

ಮುತ್ತಣ್ಣ ಕುರ್ಚಿಯನ್ನು ಸುತ್ತಿ ಬಂದು ಗೊಣಗಿದ. "ಯಾರ್ಯಾರು ಏನೇನು ತಿಂದು ಕುಂತಾರೋ. ಮ್ಯಾಲೆ ಈ ಚಂದ್ರ ಬ್ಯಾರೆ. ಅಯ್ಯನೋರು ಬಂದ್ರ ಏನಂತಾರ?"

"ಶಿವನ ತಲಿ ಮ್ಯಾಲೆ ಇಲ್ಲೇನೋ ಚಂದ್ರ?" ಎಂದಳು ಪಕ್ಕದ ಕೋಣೆಯ ಮುದುಕಿ ಶೇಷಮ್ಮ. "ಮಗಳನ್ನ ಕೇಳು. ನಿನ್ನೇನು ಕೇಳ್ತಾರ?"

ಎಲ್ಲರೂ ಲಕ್ಷ್ಮಿದೇವಿಯ ಕಡೆ ತಿರುಗಿದರು. ಅವ್ವನ ತಲೆ ಮತ್ತೆ ವಾಲುತ್ತಿತ್ತು. ಬೇಡ ಎಂದರೆ ಮುಗಿಯಿತು. ಗೋಡೆಗೆ ಒರಗಿಸಿ, ಹಲಗೆಗೆ ಕಟ್ಟಿ ಒಯ್ಯುತ್ತಾರೆ. ತನ್ನನ್ನು ಒಬ್ಬಳೇ ಬಿಟ್ಟು ಹೋಗಿ ಕೂತ ಕುರ್ಚಿಯಿದು. ಬೇಡ ಎನ್ನಲು ಬಾಯಿ ತೆರೆದಳು.

"ಕೂರ್ಸಿ," ಎಂದಳು. "ಅವಳು ಗಿರಾಕಿ."

ಕೂರಿಸಿದರು. ಈ ಸಲ ಜಟ್ಟೆಮ್ಮ ವಾಲಲಿಲ್ಲ. ತಲೆ ತಾನಾಗಿ ಹಿಂದಕ್ಕೆ ಸರಿದು ಚಂದ್ರನ ನಡುವಿನ ತಗ್ಗಿನಲ್ಲಿ ನಿಂತಿತು; ಅಲ್ಲಿ ಬೆಳ್ಳಿಬಣ್ಣ ಮೊದಲೇ ಸವೆದಿತ್ತು. ಹಗ್ಗ ಹೆಸರಿಗಷ್ಟೇ ಬೇಕಾಯಿತು. ನಾಲ್ವರು ಕುರ್ಚಿಯನ್ನು ಹೆಗಲಿಗೇರಿಸಿದಾಗ ಅವಳು ಎಲ್ಲರ ತಲೆಗಿಂತ ಮೇಲೆ, ಏನೋ ಹಿಡಿಸದವಳ ಹಾಗೆ ತುಟಿ ಬಿಗಿದುಕೊಂಡು, ಕೆರೆಯಂಚಿನ ಸ್ಮಶಾನದ ಕಡೆ ಹೋದಳು.

*

ನಾಲ್ಕರ ಹೊತ್ತಿಗೆ ಕುರ್ಚಿ ಖಾಲಿಯಾಗಿ ಹಿಂದಿರುಗಿತು. ಆಟೋ ಬರುವವರೆಗೆ ಇರಲೆಂದು ಗೇಟಿನ ಬಳಿ ಇಟ್ಟರು. ಚಂದ್ರನ ನಡುವೆ ಅಂಗೈಯಗಲ ವಿಭೂತಿ ಮೆತ್ತಿತ್ತು.

ಜಹನಾರಾ ಬುಟ್ಟಿಯಿಂದ ಫ್ಲಾಸ್ಕು, ಹೂವಿನ ಕಪ್ಪು ತೆಗೆದು ಚಹಾ ಬಗ್ಗಿಸಿದಳು. "ಬೆಳಗಿಂದ ಏನೂ ಕುಡಿದಿಲ್ಲ ನೀನು. ಕೂತ್ಕೋ."

ಲಕ್ಷ್ಮಿದೇವಿ ಕುರ್ಚಿಯನ್ನು ನೋಡಿದಳು. ಅದರ ಮೇಲೆ ಕೂರಲಿಲ್ಲ. ಪಕ್ಕದಲ್ಲಿ ನೆಲಕ್ಕೆ ಕೂತು, ಅದರ ಕಾಲಿಗೆ ಒರಗಿ ಚಹಾ ಕುಡಿದಳು.

"ಸಕ್ರೆ ಕಮ್ಮಿ ಇದೆ," ಎಂದಳು.

ಜಹನಾರಾ ಖಾಲಿ ಕಪ್ಪಿಗೆ ಕೈಚಾಚಿದಳು. ಲಕ್ಷ್ಮಿದೇವಿ ಅದನ್ನು ತಾನೇ ತೊಳೆಯಲು ಏಳಹೊರಟವಳು ಅರ್ಧಕ್ಕೇ ನಿಂತಳು. ಆಮೇಲೆ ಕೊಟ್ಟಳು.

ವಠಾರದವರೆಲ್ಲ ನೋಡುತ್ತಿದ್ದಂತೆ ಟೀ ರೂಮಿನ ಒಡತಿ ಬಳೆಗಳನ್ನು ಮೊಣಕೈಗೆ ಏರಿಸಿ, ಬೀದಿ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಆ ಒಂದು ಕಪ್ಪನ್ನು ಒಳಗೂ ಹೊರಗೂ ತಿರುಗಿಸಿ ತಿರುಗಿಸಿ ತೊಳೆದಳು.