ನಿಘಂಟು ತಲೆಯಾಡಿಸಿದ್ದು

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ನಿಘಂಟು ಅಂತ. ಯಾರಿಗೆ ಸನ್ಮಾನವಾದರೂ ಪತ್ರ ಬರೆಯಲು ಅವನೇ ಆಗಬೇಕು. ನಲ್ಲಿ ರಿಪೇರಿಯವನು ನಿವೃತ್ತನಾದಾಗ ‘ಜಲವಿತರಣಾಧುರಂಧರ’ ಎಂದು ಬರೆದ ಪುಣ್ಯಾತ್ಮ. ಪಾಪ, ಆ ನಲ್ಲಿಯವನೂ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡ. ಅರ್ಥ ಯಾರು ಕೇಳುತ್ತಾರೆ? ಉದ್ದನೆಯ ಪದದ ಅನುಕೂಲವೇ ಅದು, ಕೇಳಿದವರೇ ದಡ್ಡರಾಗುತ್ತಾರೆ.

ಇಂಥವನನ್ನು ಅಕ್ಕ ಆಸ್ಪತ್ರೆಗೆ ಜೊತೆಗೆ ಕರೆದುಕೊಂಡು ಹೋದಳು. ತಿಂಗಳುಗಟ್ಟಲೆ ಮೂಳೆನೋವು, ಸುಸ್ತು. ರಕ್ತಪರೀಕ್ಷೆಯೂ ಆಗಿತ್ತು.

“ಡಾಕ್ಟರು ಏನೇನೋ ಹೇಳ್ತಾರೆ. ನೀನಿದ್ರೆ ಧೈರ್ಯ ಕಣೋ” ಎಂದಿದ್ದಳು.

ಡಾಕ್ಟರು ಕಾಗದ ನೋಡಿ, “ಹೈಪರ್‌ಪ್ಯಾರಾಥೈರಾಯ್ಡಿಸಮ್” ಎಂದರು. ಕನ್ನಡಕದ ಮೇಲಿಂದ ಇವನತ್ತ ನೋಡಿದರು. “ಗೊತ್ತಲ್ವಾ?”

ನಿಘಂಟು ಆ ಪದ ಕೇಳಿದ್ದು ಅದೇ ಮೊದಲು. ‘ಇಲ್ಲ’ ಅನ್ನುವುದಕ್ಕೆ ಎರಡೇ ಅಕ್ಷರ, ಅವು ನಾಲಿಗೆಯ ತುದಿಗೂ ಬರಲಿಲ್ಲ. “ಓಹೋ, ಗೊತ್ತು ಗೊತ್ತು” ಎಂದು ಗಂಭೀರವಾಗಿ ತಲೆಯಾಡಿಸಿದ.

“ಒಳ್ಳೇದಾಯ್ತು. ಇವರಿಗೆ ನೀವೇ ಬಿಡಿಸಿ ಹೇಳ್ಬಿಡಿ. ಮುಂದಿನ ವಾರ ಬನ್ನಿ, ತೀರ್ಮಾನ ಮಾಡೋಣ” ಎಂದು ಡಾಕ್ಟರು ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಹೊರಗೆ ಬರುತ್ತಲೇ ಅಕ್ಕ ಕೇಳಿದಳು. “ಏನಂತೋ?”

“ವಯೋಸಹಜ ಅಸ್ಥಿದೌರ್ಬಲ್ಯ.”

“ಅಂದ್ರೆ?”

“ಮೂಳೆಗೆ ಬಲ ಸಾಲದು. ಕ್ಯಾಲ್ಸಿಯಂ ಮಾತ್ರೆ ನುಂಗಿದ್ರೆ ಸರಿಹೋಗುತ್ತೆ.”

ಹೇಳುತ್ತಾ ಹೇಳುತ್ತಾ ಅವನಿಗೇ ಅದು ನಿಜವೆನ್ನಿಸಿತು. ಎದುರಿನ ಔಷಧದ ಅಂಗಡಿಯಲ್ಲಿ ಮಾತ್ರೆ ಕೊಂಡು, ಒಂದನ್ನು ಅಲ್ಲೇ ಅವಳ ಕೈಗೆ ಹಾಕಿದ. ಅಕ್ಕ ಅವನ ಮುಖವನ್ನೇ ನೋಡಿದಳು.

“ಅಯ್ಯೋ, ಕೊಡೆ ಒಳಗೇ ಬಿಟ್ಟೆ. ಇಲ್ಲೇ ಇರು” ಎಂದು ಹೋದವಳು ಬರಲು ತುಂಬ ಹೊತ್ತಾಯಿತು. ಕೊಡೆ ಸಿಗಲಿಲ್ಲವಂತೆ.

ಮನೆಯಲ್ಲಿ ಭಾವ ಬಾಗಿಲಲ್ಲೇ ಕಾಯುತ್ತಿದ್ದರು. ಅಕ್ಕ ಚಪ್ಪಲಿ ಬಿಡುತ್ತಾ ಹೇಳಿದಳು. “ಕತ್ತಿನಲ್ಲಿರೋ ಒಂದು ಸಣ್ಣ ಗ್ರಂಥಿ ಕೆಟ್ಟಿದೆಯಂತೆ. ಮೂಳೆಯ ಕ್ಯಾಲ್ಸಿಯಮ್ಮನ್ನೆಲ್ಲ ರಕ್ತಕ್ಕೆ ಎಳೀತಿದೆ. ಆಪರೇಷನ್ ಮಾಡಿದ್ರೆ ವಾಸಿಯಾಗುತ್ತಂತೆ. ಡಾಕ್ಟರು ಹೇಳದೆ ಕ್ಯಾಲ್ಸಿಯಂ ಮಾತ್ರೆ ಮಾತ್ರ ಮುಟ್ಟಬಾರದು.”

“ಇಷ್ಟೆಲ್ಲ ನಿನಗೆ ಹೇಗೆ ತಿಳೀತು?”

“ನನ್ನ ತಮ್ಮ ಬಿಡಿಸಿ ಹೇಳಿದ.”

ಭಾವ ಅವನ ಬೆನ್ನು ತಟ್ಟಿದರು. “ನೀನು ಹೋಗಿದ್ದು ಒಳ್ಳೇದಾಯ್ತಪ್ಪ.”

ಬಾಗಿಲ ಹಿಂದಿನ ಮೊಳೆಯಲ್ಲಿ ಅಕ್ಕನ ಕೊಡೆ ತೂಗುತ್ತಿತ್ತು. ಅದನ್ನು ನೋಡಿದ ಮೇಲೆ ಅವನಿಗೆ ತಲೆ ಎತ್ತಲಾಗಲಿಲ್ಲ.

ಅವಳ ಹಿಂದೆಯೇ ಅಡುಗೆಮನೆಗೆ ಹೋದ. ಅಕ್ಕ ಪರ್ಸ್ ತೆರೆದು, ನುಂಗದೆ ಇಟ್ಟುಕೊಂಡಿದ್ದ ಮಾತ್ರೆಯನ್ನು ಕಟ್ಟೆಯ ಮೇಲಿಟ್ಟಳು.

“ನರ್ಸಮ್ಮನ್ನ ಕೇಳಿಕೊಂಡು ಬಂದೆ. ಗೊತ್ತಿಲ್ಲದಾಗಲೇ ನೀನು ಹಾಗೆ ತಲೆ ಆಡಿಸೋದು. ಚಿಕ್ಕವನಿದ್ದಾಗಿಂದ ನೋಡಿದೀನಲ್ಲ.”

“ಮತ್ತೆ ಡಾಕ್ಟರನ್ನೇ ಯಾಕೆ ಕೇಳಲಿಲ್ಲ, ಅಕ್ಕ?”

“ನಿನ್ನ ಮರ್ಯಾದೆ ಹೋಗ್ತಿತ್ತಲ್ಲೋ” ಎಂದು ಅವಳು ಒಲೆ ಹಚ್ಚಿದಳು.

ಹಜಾರದಲ್ಲಿ ಭಾವ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು. “ನಮ್ಮ ನಿಘಂಟು ಇದ್ದದ್ದಕ್ಕೆ ಬದುಕಿದ್ವಿ ನೋಡಿ. ಇಷ್ಟುದ್ದದ ಹೆಸರು, ತಕ್ಷಣ ಅರ್ಥ ಹೇಳಿಬಿಟ್ಟ!”

ಅವನು ಮಾತ್ರೆ ಹಿಡಿದುಕೊಂಡು ಹಜಾರಕ್ಕೆ ಬಂದ. ಅಕ್ಕ ಹಿಂದಿನಿಂದ, “ಬೇಡ, ಬಿಡೋ” ಅಂದಳು.

“ಭಾವ, ಫೋನ್ ಇಡಬೇಡಿ, ಅವರೂ ಕೇಳಲಿ” ಎಂದ. “ನನಗೆ ಗೊತ್ತಿರಲಿಲ್ಲ.”