ತೆಳ್ಳನೆಯ ಪುಸ್ತಕ

ಕೊಳ್ಳೇಗಾಲದ ಗುರುಪಾದಸ್ವಾಮಿಯವರ ಹಳೇ ಪುಸ್ತಕದಂಗಡಿಯಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಎರಡೇ ಪುಸ್ತಕಗಳಿದ್ದವು. ಒಂದು ಇಟ್ಟಿಗೆಯಷ್ಟು ದಪ್ಪ, ಇನ್ನೊಂದು ತೆಳ್ಳಗೆ. ಸರ್ಟಿಫಿಕೇಟ್ ಪರೀಕ್ಷೆಗೆ ಒಂದೂವರೆ ತಿಂಗಳಿತ್ತು. ನಾನು ತೆಳ್ಳನೆಯದನ್ನು ಎತ್ತಿಕೊಂಡೆ.

“ದಪ್ಪದ್ದು ತಕಳವ್ವ ದೀಪ, ಅದ್ರಲ್ಲಿ ಎಲ್ಲ ಬಿಡ್ಸಿ ಯೋಳವ್ರೆ,” ಎಂದರು.

“ಅದ ಓದಿ ಮುಗ್ಸೋ ಒತ್ಗೆ ನಂಗೆ ತಲೆ ನರೀತದೆ ಸಾ.”

ನನ್ನ ಬುದ್ಧಿಯ ಮೇಲೆ ನನಗೆ ಅಷ್ಟು ಜಂಬ.

ಪರೀಕ್ಷೆಗೆ ಒಂದು ಪ್ರಾಜೆಕ್ಟನ್ನೂ ತೋರಿಸಬೇಕಿತ್ತು. ಲೊಕ್ಕನಹಳ್ಳಿಯಲ್ಲಿ ನಮ್ಮ ಜೋಳದ ಹೊಲ ಕಾಡಿಗೆ ಅಂಟಿಕೊಂಡೇ ಇದೆ. ಬೇಲಿ ಕಂಬಕ್ಕೆ ಆನೆಯ ಸುಳಿವು ಹಿಡಿಯುವ ಸೆನ್ಸರ್ ಕಟ್ಟಿ ಪ್ರೋಗ್ರಾಂ ಬರೆದೆ. ಆನೆ ಬಂದರೆ ಅಪ್ಪನ ಫೋನು ಕೂಗುತ್ತದೆ. ಇಲ್ಲದಿದ್ದರೆ ಅವನ ಫೋನಿನಲ್ಲೂ ನನ್ನದರಲ್ಲೂ ಹಸಿರು ಅಕ್ಷರದಲ್ಲಿ ‘ಹೊಲ ಖಾಲಿ’ ಎಂದು ತೋರಿಸುತ್ತದೆ. ಎರಡು ಸಲ ಕೂಗಿತು, ಎರಡು ಸಲವೂ ಆನೆ ಬಂದಿತ್ತು. ಅಪ್ಪ ದೊಡ್ಡಮಾದಯ್ಯ ಊರಿಗೆಲ್ಲ ಹೇಳಿಕೊಂಡು ಬಂದ. ಆನೆ ಓಡಿಸುವ ತಮಟೆಯನ್ನು ಮೂಲೆಗಿಟ್ಟ. ಮರದ ಮೇಲಿನ ಅಟ್ಟಣೆ ಹತ್ತಿ ಕಾಯುವುದನ್ನೂ ಬಿಟ್ಟ.

“ನನ್ ಮಗ್ಳೇ ಕಾಯ್ತಾವ್ಳೆ, ನಂಗೇನು?”

ಪರೀಕ್ಷೆಯ ಹಿಂದಿನ ದಿನ, ಹೊತ್ತು ಇಳಿಯುವಾಗ, ಮತ್ತೆ ಅಂಗಡಿಗೆ ಹೋದೆ. ಮಾದರಿ ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆಗೆ ನನ್ನ ಪುಸ್ತಕದಲ್ಲಿ ಉತ್ತರವಿರಲಿಲ್ಲ. ದಪ್ಪ ಪುಸ್ತಕವನ್ನು ನಿಂತಲ್ಲೇ ತಿರುವಿದೆ. ಉಪಕರಣ ಉತ್ತರವನ್ನೇ ಕೊಡದಿದ್ದರೆ ಏನು ಮಾಡಬೇಕು ಎಂಬುದಕ್ಕೇ ಒಂದು ಅಧ್ಯಾಯವಿತ್ತು. ಉತ್ತರ ಬಾರದಿದ್ದರೆ ಅದನ್ನು ‘ಇಲ್ಲ’ ಎಂದು ಎಣಿಸಬೇಡಿ ಎಂದು ಮೊದಲ ಸಾಲಿನಲ್ಲೇ ಬರೆದಿತ್ತು.

ನನ್ನ ಪ್ರೋಗ್ರಾಂನಲ್ಲಿ ನಾನು ‘ಇಲ್ಲ’ ಎಂದೇ ಎಣಿಸಿದ್ದೆ.

ಫೋನು ತೆಗೆದು ನೋಡಿದೆ. ‘ಹೊಲ ಖಾಲಿ’. ಒಳಗಿನ ದಾಖಲೆ ತೆರೆದೆ. ನಿನ್ನೆ ಮಧ್ಯಾಹ್ನದಿಂದ ಸೆನ್ಸರ್ ಏನನ್ನೂ ಕಳಿಸಿರಲಿಲ್ಲ. ಅದು ಕೆಟ್ಟು ಕೂತಿತ್ತು. ನನ್ನ ಪ್ರೋಗ್ರಾಂ ಮಾತ್ರ ಖಾಲಿ, ಖಾಲಿ ಎನ್ನುತ್ತಲೇ ಇತ್ತು.

ಅಪ್ಪ ಮೂರನೆಯ ಸಲಕ್ಕೆ ಫೋನು ಎತ್ತಿದ.

“ಅಪ್ಪಾ, ಎಲ್ಲಿದ್ದೀಯ?”

“ಒಲ್ದಲ್ಲಿ ಕಣವ್ವ. ಜೋಳದೊಳ್ಗೆ ಏನೋ ಲಟಲಟ ಮುರೀತಾ ಅದೆ. ಗಾಬ್ರಿಯಾಗಿ ಫೋನ್ ನೋಡ್ದೆ, ಖಾಲಿ ಅಂತ ತೋರುಸ್ತು. ನಮ್ ಅಸಾನೇ ಕೊಟ್ಟಿಗೆಯಿಂದ ಬಿಚ್ಕಂಡು ನುಗ್ಗಿರ್ಬೇಕು. ಓಗಿ ಇಡ್ಕಂಬತ್ತೀನಿ.”

“ಓಗ್ಬ್ಯಾಡ ಅಪ್ಪಾ! ನಾ ತಪ್ ಬರ್ದಿವ್ನಿ, ಅದು ಸುಳ್ಳು...”

“ಏನೂ ಕೇಳ್ನಿಲ್ಲ ಕಣವ್ವ. ಇಡ್ತೀನಿ.”

ಮತ್ತೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ.

“ಯಾಕವ್ವ, ಏನಾಯ್ತು?” ಎಂದು ಗುರುಪಾದಸ್ವಾಮಿ ಎದ್ದು ಬಂದರು.

ರಿಂಗು ನಿಂತಿತು. ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: ಹೊಲ ಖಾಲಿ.