ಒಂದು ಕೈ ಬೆನ್ನ ಹಿಂದೆ

ಆ ಬೀದಿಯ ಮಕ್ಕಳು ಅವನಿಗೆ ಗುಂಯಣ್ಣ ಎಂದು ಹೆಸರಿಟ್ಟು ಮೂವತ್ತು ವರ್ಷವಾಗಿತ್ತು. ಹೆಸರಿಟ್ಟವರಿಗೇ ಈಗ ಮಕ್ಕಳಾಗಿ, ಅವೂ ಹಾಗೇ ಕರೆಯುತ್ತಿದ್ದವು. ಮನೆಯ ಹಿಂದಿನ ಕೋಣೆಯಲ್ಲಿ ಗಿಟಾರಿನ ಹಳೆಯ ಆಂಪ್ಲಿಫೈಯರುಗಳು ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಗುಂಯ್ ಎನ್ನುತ್ತಿದ್ದುದರಿಂದ ಅಂಟಿದ ಹೆಸರು. ಅವನದು ಒಂದೇ ತಕರಾರು. “ಗುಂಯ್ ಅನ್ನೋದು ಕಾಯಿಲೆ ಕಣ್ರೋ. ಡಾಕ್ಟರಿಗೆ ಯಾರಾದ್ರೂ ಜ್ವರಪ್ಪ ಅಂತಾರಾ?”

ಹದಿನಾರನೆಯ ವಯಸ್ಸಿನಲ್ಲಿ, ಯಾರೋ ಬೇಡವೆಂದು ಮೂಲೆಗೆಸೆದಿದ್ದ ಗಿಟಾರೊಂದು ಅವನ ಕೈಗೆ ಬಂದಿತ್ತು. ಆಮೇಲೆ ಟೆಲಿಫೋನ್ ಕಚೇರಿಯಲ್ಲಿ ಮೂವತ್ತಾರು ವರ್ಷ ದುಡಿದದ್ದು ಹೊಟ್ಟೆಗಾಗಿ. ಮಿಕ್ಕ ಹೊತ್ತೆಲ್ಲ ಗಿಟಾರಿಗೆ. ನುಡಿಸುವುದರಲ್ಲಿ ತಾನು ಅಷ್ಟಕ್ಕಷ್ಟೇ ಎಂಬುದು ಅವನಿಗೇ ಗೊತ್ತಿತ್ತು. ಆದರೆ ದನಿ ಎಲ್ಲಿ ಕೆಟ್ಟಿದೆ ಎಂದು ಹೇಳುವ ಕಿವಿಯನ್ನು ದೇವರು ಅವನಿಗೆ ಧಾರಾಳವಾಗಿ ಕೊಟ್ಟಿದ್ದ. ಗಾಜಿನ ವಾಲ್ವುಗಳಿರುವ ಹಳೆಯ ಆಂಪುಗಳೆಂದರೆ ಅವನಿಗೆ ಜೀವ. ಹೊಸದರಲ್ಲಿ ಸದ್ದು ಬರುತ್ತದೆ, ಇದರಲ್ಲಿ ಉಸಿರು ಬರುತ್ತದೆ ಎನ್ನುವನು. ದೂರದೂರದಿಂದ ಜನ ಅಂಥವನ್ನು ಹೊತ್ತು ತರುತ್ತಿದ್ದರು. ಬಂದವರೆಲ್ಲ ಅವನ ಹೆಂಡತಿಯನ್ನು ಅತ್ತಿಗೆ ಎನ್ನುತ್ತಿದ್ದರು. ಅತ್ತಿಗೆ ಅವರಿಗೆ ಚಹಾ ಕೊಡುವಳು, ಅವರು ತಂದ ಪೆಟ್ಟಿಗೆಯ ಧೂಳು ಒರೆಸುವಳು, ಅವರ ಮನೆಯವರ ಕ್ಷೇಮ ಕೇಳುವಳು. ಗಿಟಾರನ್ನು ಮಾತ್ರ ಒಮ್ಮೆಯೂ ನುಡಿಸಿದವಳಲ್ಲ.

ಆ ಕೆಲಸದಲ್ಲಿ ಒಂದು ಅಪಾಯವಿದೆ. ಇಂಥ ಆಂಪಿನ ಒಳಗೆ ಬೆರಳುದ್ದದ ಕಂಡೆನ್ಸರುಗಳಿರುತ್ತವೆ. ಅವು ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಕೊಡಗಳು. ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತರೂ ಕೊಡ ಬರಿದಾಗುವುದಿಲ್ಲ. ನಾನೂರು ವೋಲ್ಟು ಒಳಗೇ ಸುಮ್ಮನೆ ಕಾಯುತ್ತಾ ಕೂತಿರುತ್ತದೆ. ಆದ್ದರಿಂದ ಕೈಯಿಡುವ ಮುಂಚೆ ಅದನ್ನು ಇಳಿಸಬೇಕು. ಅದಕ್ಕೆಂದೇ ಒಂದು ಕೆಂಪು ವಯರು, ತುದಿಯಲ್ಲಿ ಹಲ್ಲಿನ ಕ್ಲಿಪ್ಪು, ಅವನ ಮೇಜಿನ ಎದುರಿನ ಮೊಳೆಗೆ ತೂಗುಬಿದ್ದಿರುತ್ತಿತ್ತು. ಅದನ್ನು ಆಂಪಿನ ತಗಡಿಗೂ ಕಂಡೆನ್ಸರಿನ ತಂತಿಗಾಲಿಗೂ ಸಿಕ್ಕಿಸಿ, ಹತ್ತು ಎಣಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲಷ್ಟೇ ಎರಡೂ ಕೈ ಒಳಗೆ. ಅಲ್ಲಿಯ ತನಕ ಒಂದು ಕೈ ಕೆಲಸಕ್ಕೆ, ಇನ್ನೊಂದು ಬೆನ್ನ ಹಿಂದೆ. ಎರಡೂ ಇಟ್ಟರೆ ವಿದ್ಯುತ್ತು ಒಂದು ಕೈಯಲ್ಲಿ ಹೊಕ್ಕು, ಎದೆಗುಂಡಿಗೆ ದಾಟಿ, ಇನ್ನೊಂದು ಕೈಯಲ್ಲಿ ಹೊರಡುತ್ತದೆ. ಈ ಮಾತನ್ನು ಅವನು ಬಂದವರಿಗೆಲ್ಲ ಪಾಠದಂತೆ ಒಪ್ಪಿಸುತ್ತಿದ್ದ.

ಈಚಿನ ಒಂದು ವರ್ಷದಿಂದ ಅವನಿಗೆ ಮರೆವು ಸುರುವಾಗಿತ್ತು. ಮೊದಲು ಕನ್ನಡಕ, ಆಮೇಲೆ ಒಲೆ, ಆಮೇಲೆ ಮನೆಗೆ ಬಂದು ಕೂತವರ ಹೆಸರು. ಡಾಕ್ಟರು ಇದು ಹೆಚ್ಚುತ್ತಲೇ ಹೋಗುತ್ತದೆ ಎಂದರು. ಮಗಳು ಫೋನು ಮಾಡಿದಾಗಲೆಲ್ಲ ಒಂದೇ ಮಾತು: ಅಪ್ಪನ ಕೋಣೆಗೆ ಬೀಗ ಹಾಕು, ಅಮ್ಮ. ಅತ್ತಿಗೆ ಹೂಂಗುಟ್ಟುತ್ತಿದ್ದಳು, ಹಾಕುತ್ತಿರಲಿಲ್ಲ. ಆ ಬಾಗಿಲಿಗೆ ಬೀಗ ಬಿದ್ದರೆ ಅವನೇನೂ ಸಾಯುವುದಿಲ್ಲ, ಬದುಕಿಯೂ ಇರುವುದಿಲ್ಲ ಎಂದು ಅವಳಿಗೆ ಅನ್ನಿಸಿತ್ತು.

ಆದರೆ ಎರಡು ಸಲ ಅವನು ಆಂಪು ಬಿಚ್ಚಿಟ್ಟು ಊಟಕ್ಕೆದ್ದು ಬಂದಾಗ, ಅವಳು ಮೆಲ್ಲನೆ ಒಳಗೆ ಹೋಗಿ ಮೀಟರು ಹಿಡಿದು ನೋಡಿದ್ದಳು. ಎರಡು ಸಲವೂ ಕೊಡ ತುಂಬಿತ್ತು. ನಲವತ್ತು ವರ್ಷ ಕಂಡದ್ದನ್ನು ನೆನೆದು, ಎಡಗೈ ಬೆನ್ನ ಹಿಂದಿಟ್ಟು, ಬಲಗೈಯಿಂದ ಕ್ಲಿಪ್ಪು ಸಿಕ್ಕಿಸಿ, ಇಳಿಸಿ, ವಯರನ್ನು ಮೊಳೆಗೇ ಹಾಕಿ, ಅಡುಗೆಮನೆಗೆ ಬಂದು ಅವನಿಗೆ ಬಡಿಸಿದ್ದಳು. ಅವನಿಗೆ ಹೇಳಲಿಲ್ಲ. ದೇವರಿಗೆ ಹೇಳಿದಳು. ಇವರ ಕೈ ನಿನ್ನ ಕೈಯಲ್ಲಿರಲಿ, ನನ್ನ ಕಣ್ಣು ಇವರ ಕೈಯ ಮೇಲಿರಲಿ ಎಂದು.

ಅಂದು ಮಧ್ಯಾಹ್ನ ಬಸ್ ಕಂಡಕ್ಟರೊಬ್ಬನ ಆಂಪು ಮೇಜಿನ ಮೇಲಿತ್ತು. ಕಂಡಕ್ಟರು ಮರುದಿನ ಬೆಳಗಿನ ಪ್ರಾರ್ಥನೆಗೆ ಗಿಟಾರು ನುಡಿಸಬೇಕಿತ್ತು. ಆಂಪು ಗುಂಯ್ ಎಂದರೆ ಪ್ರಾರ್ಥನೆಯಲ್ಲಿ ದೇವರೂ ಕಿವಿ ಮುಚ್ಚಿಕೊಳ್ಳುತ್ತಾನೆ ಎಂದು ಹಲುಬಿ, ಸಂಜೆ ಆರಕ್ಕೆ ಬರುತ್ತೇನೆಂದು ಹೇಳಿ ಹೋಗಿದ್ದ. ಗುಂಯಣ್ಣ ಅದರ ಒಳಗಿನ ತಗಡಿನ ತಟ್ಟೆಯನ್ನು ಹೊರಗೆಳೆದು ಬೋರಲು ಹಾಕಿದ. ವಾಲ್ವುಗಳನ್ನು ಕಿತ್ತು ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಕರೆಂಟು ಕೊಟ್ಟು ಅಲ್ಲಲ್ಲಿ ಮೀಟರು ಮುಟ್ಟಿಸಿದ. ಮುದಿ ಕಂಡೆನ್ಸರೊಂದು ಕೆಟ್ಟಿತ್ತು. ಅದನ್ನು ಕಿತ್ತು ಹೊಸದು ಹಾಕಬೇಕು. ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತ. ಅಷ್ಟರಲ್ಲಿ ಫೋನು ಬಂತು.

ಕಂಡಕ್ಟರೇ. ಆಯಿತಾ ಎಂದು ಕೇಳುವುದಕ್ಕೆ. ಗುಂಯಣ್ಣ ಅಂಗಳಕ್ಕೆ ಹೋಗಿ ಬಹಳ ಹೊತ್ತು ಮಾತಾಡಿದ. ಯಾವ ದಪ್ಪದ ತಂತಿ ಹಾಕಿದ್ದೀಯ, ಎಷ್ಟು ದಿನಕ್ಕೆ ಬದಲಾಯಿಸುತ್ತೀಯ, ಬೆವರು ಕೈಯವನು ವಾರಕ್ಕೊಮ್ಮೆ ಬದಲಾಯಿಸಬೇಕು. ಹೀಗೆ. ಮಾತು ಮುಗಿಸಿ ನಗುತ್ತಲೇ ಒಳಗೆ ಬಂದು ಸ್ಟೂಲಿನ ಮೇಲೆ ಕೂತ.

ಅತ್ತಿಗೆ ಮಡಿಸಿದ ಬಟ್ಟೆಗಳನ್ನು ಎತ್ತಿಕೊಂಡು ಬಾಗಿಲು ದಾಟುವಾಗ ಒಳಗೆ ಕಣ್ಣು ಹಾಯಿಸಿದಳು. ಕೆಂಪು ವಯರು ಮೊಳೆಯ ಮೇಲಿತ್ತು. ಬೆಳಿಗ್ಗೆ ಅವಳು ಗುಡಿಸುವಾಗ ಹೇಗೆ ಸುತ್ತಿ ಹಾಕಿದ್ದಳೋ ಹಾಗೇ, ಎರಡು ಸುತ್ತು, ಕ್ಲಿಪ್ಪು ಒಳಮುಖ. ಯಾರೂ ಅದನ್ನು ಮುಟ್ಟಿರಲಿಲ್ಲ. ಬೆನ್ನ ಹಿಂದಿರಬೇಕಿದ್ದ ಗುಂಯಣ್ಣನ ಎಡಗೈ ತಗಡಿನ ಅಂಚನ್ನು ಹಿಡಿದಿತ್ತು. ಬಲಗೈ ಬರಿ ಬೆರಳುಗಳಿಂದ ಹಳೆಯ ಕಂಡೆನ್ಸರಿನ ಕಾಲನ್ನು ಹಿಡಿಯಲು ವಯರುಗಳ ನಡುವೆ ದಾರಿ ಹುಡುಕುತ್ತಿತ್ತು.

ಅವಳ ಬಾಯಿ ತೆರೆಯಿತು. ದನಿ ಹೊರಡಲಿಲ್ಲ. ಹೊರಡಿಸಲಿಲ್ಲ ಎನ್ನಬೇಕು.

ಮದುವೆಯಾದ ಮೂರನೆಯ ವರ್ಷ ಅವಳು ಹೀಗೇ ಬಾಗಿಲಲ್ಲಿ ನಿಂತು, ಚಹಾ ಆರುತ್ತೆ ಬನ್ರೀ ಎಂದು ಕೂಗಿದ್ದಳು. ಬೆಚ್ಚಿದ ಅವನ ಕೈ ಅರ್ಧ ಅಂಗುಲ ಜಾರಿತ್ತು. ಸ್ಟೂಲು ಸಮೇತ ಗೋಡೆಗೆ ಬಡಿದು ಬಿದ್ದಿದ್ದ. ಎರಡು ದಿನ ಆ ತೋಳು ಜೋಮು ಹಿಡಿದಂತೆ ನೇತಾಡಿತ್ತು. ಅಂದು ಒಳಗಿದ್ದದ್ದು ಒಂದೇ ಕೈ, ಅದಕ್ಕೇ ಉಳಿದ. ಆ ದಿನದಿಂದ ಆ ಮನೆಯಲ್ಲಿ ಅವನು ಆಂಪಿನೊಳಗೆ ಕೈಯಿಟ್ಟಿದ್ದಾಗ ಯಾರೂ ಕರೆಯುವಂತಿಲ್ಲ, ಬಾಗಿಲು ಬಡಿಯುವಂತಿಲ್ಲ.

ಓಡಿಹೋಗಿ ಹಿಡಿಯೋಣವೆಂದರೆ ನಾಲ್ಕು ಹೆಜ್ಜೆ, ನಡುವೆ ಮರದ ಪೆಟ್ಟಿಗೆಗಳು. ಹೆಜ್ಜೆ ಸಪ್ಪಳಕ್ಕೇ ಬೆಚ್ಚಿಬಿದ್ದರೆ? ಮೇಯ್ನ್ ಸ್ವಿಚ್ಚು ಆರಿಸಿ ಪ್ರಯೋಜನವಿಲ್ಲ. ಪ್ಲಗ್ಗು ಆಗಲೇ ನೆಲದ ಮೇಲಿದೆ. ವಾಲ್ವುಗಳನ್ನೂ ಕಿತ್ತಿದ್ದಾನೆ, ಒಳಗಿನದಕ್ಕೆ ತಾನಾಗಿ ಹರಿದು ಹೋಗುವ ದಾರಿಯೇ ಇಲ್ಲ.

ಬಾಗಿಲ ಪಕ್ಕದಲ್ಲೇ ಸ್ಟ್ಯಾಂಡಿನ ಮೇಲೆ ಅವನ ಮೊದಲ ಗಿಟಾರು ನಿಂತಿತ್ತು. ದಿನಾ ಬೆಳಿಗ್ಗೆ ಶ್ರುತಿ ಮಾಡದೆ ಅವನು ಹಲ್ಲುಜ್ಜಿದವನೂ ಅಲ್ಲ. ಆ ಕೋಣೆಯಲ್ಲಿ ಅವನನ್ನು ಬೆಚ್ಚಿಸದ ಸದ್ದು ಅದೊಂದೇ. ಅವಳು ಬಟ್ಟೆಗಳನ್ನು ನೆಲಕ್ಕೆ ಇಳಿಸಿ, ಬಾಗಿ, ಒಂದು ತಂತಿಯನ್ನು ಮೀಟಿದಳು.

ದನಿ ಮೆಲ್ಲಗೆ ಎದ್ದು ಕೋಣೆ ತುಂಬಿತು. ಗುಂಯಣ್ಣನ ತಲೆ ಒಪ್ಪಿಗೆಯಿಂದ ಸ್ವಲ್ಪ ಆಡಿತು. ತಂತಿ ಶ್ರುತಿಯಲ್ಲಿತ್ತಲ್ಲ. ಬಲಗೈ ಇನ್ನೂ ಒಳಗೆ ಸರಿಯಿತು.

ಶ್ರುತಿ ಕೆಡಿಸಲು ಅವಳು ಮೇಲಿನ ಬಿರಡೆಗೆ ಕೈಹಾಕಿದಳು. ದೇವರೇ, ಯಾವುದು ಯಾವ ತಂತಿಯದು? ಆರು ಬಿರಡೆ, ಮೂರು ಈ ಕಡೆ, ಮೂರು ಆ ಕಡೆ. ನಲವತ್ತು ವರ್ಷ ಅವುಗಳ ಧೂಳು ಒರೆಸಿದ್ದಳೇ ಹೊರತು ತಿರುಗಿಸಿದವಳಲ್ಲ. ಒಂದನ್ನು ತಿರುಗಿಸಿ ಮೀಟಿದಳು. ದನಿ ಬದಲಾಗಲಿಲ್ಲ. ಬೇರೆ ತಂತಿಯ ಬಿರಡೆ ಅದು. ಗುಂಯಣ್ಣ ಮೂಗಿನ ಮೇಲೆ ಜಾರಿದ ಕನ್ನಡಕವನ್ನು ಭುಜದಿಂದ ಮೇಲೆ ನೂಕಿಕೊಂಡ. ಎರಡು ಬೆರಳು ಒಂದು ನೀಲಿ ವಯರನ್ನು ಪಕ್ಕಕ್ಕೆ ಸರಿಸಿದವು. ಅದರ ಹಿಂದೆಯೇ ಇತ್ತು ಆ ಕಾಲು.

ಅವಳು ಮೀಟಿದ ತಂತಿಯನ್ನೇ ಬೆರಳಿನಿಂದ ತಡವುತ್ತಾ ಮೇಲಕ್ಕೆ ಹೋದಳು, ಅದು ಸುತ್ತಿಕೊಂಡ ಗೂಟವನ್ನು ಮುಟ್ಟಿದಳು, ಅದರ ಬಿರಡೆಯನ್ನು ಹಿಡಿದಳು. ಮೀಟಿ, ದನಿ ಇನ್ನೂ ಗಾಳಿಯಲ್ಲಿರುವಾಗಲೇ ತಿರುಗಿಸಿದಳು. ದನಿ ಕೆಳಗೆ ಜಾರಿತು. ಇನ್ನೂ ತಿರುಗಿಸಿದಳು. ಹಸಿದ ಬೆಕ್ಕು ನರಳಿದ ಹಾಗೆ ಅದು ಇಳಿಯುತ್ತಾ ಇಳಿಯುತ್ತಾ ಹೋಯಿತು.

ಬಲಗೈ ನಿಂತಿತು.

ಮತ್ತೆ ಮೀಟಿದಳು. ಪಕ್ಕದ ತಂತಿಯನ್ನೂ ಜೊತೆಗೇ. ಎರಡೂ ಒಂದಕ್ಕೊಂದು ಹಲ್ಲು ಕಡಿಯುವಂತೆ ಕೇಳಿಸಿದವು. ಗುಂಯಣ್ಣನ ಮುಖ ಹುಳಿ ತಿಂದಂತಾಯಿತು. ಮೊದಲು ಬಲಗೈ ಹೊರಬಂತು, ಆಮೇಲೆ ಎಡಗೈ ತಗಡಿನ ಅಂಚನ್ನು ಬಿಟ್ಟಿತು.

“ಏನೇ ಅದು? ಅದರ ಕತ್ತು ಹಿಸುಕ್ತಾ ಇದೀಯಾ?”

ಅವನು ಎದ್ದು, ಪೆಟ್ಟಿಗೆಗಳನ್ನು ಬಳಸಿ ಬಂದು, ಅವಳ ಕೈಯಿಂದ ಗಿಟಾರನ್ನು ಕಸಿದುಕೊಂಡು, ನಲವತ್ತು ವರ್ಷಕ್ಕೆ ಇವತ್ತು ಕಲಿಯೋ ಮನಸ್ಸಾಯ್ತಾ ಎಂದು ಗೊಣಗುತ್ತಾ ಶ್ರುತಿ ಮಾಡಲು ಕೂತ. ಅವಳು ಅವನನ್ನು ದಾಟಿ ಮೇಜಿನ ಬಳಿ ಹೋದಳು. ಎಡಗೈಯನ್ನು ಬೆನ್ನ ಹಿಂದಿಟ್ಟಳು. ಮೀಟರಿನ ಕಪ್ಪು ವಯರನ್ನು ತಗಡಿಗೆ ಸಿಕ್ಕಿಸಿ, ಕೆಂಪು ಕಡ್ಡಿಯನ್ನು ಬಲಗೈಯಲ್ಲಿ ಹಿಡಿದಳು.

“ಅಲ್ಲೇನೇ ಮಾಡ್ತಿದೀಯ? ಆಗ್ಲೇ ಇಳಿಸಿದೀನಿ ಅದನ್ನ.”

ಅವಳು ಕಡ್ಡಿ ಮುಟ್ಟಿಸಿ, ಅವನಿಗೆ ಕಾಣುವಂತೆ ಪಕ್ಕಕ್ಕೆ ಸರಿದು ನಿಂತಳು. ನಾನೂರ ಹನ್ನೆರಡು.

ಗಿಟಾರಿನ ಬಿರಡೆಯ ಮೇಲಿದ್ದ ಅವನ ಬೆರಳು ಅಲ್ಲೇ ಉಳಿಯಿತು. ಅವನು ಆ ಅಂಕಿಯನ್ನು ನೋಡಿದ, ಮೊಳೆಯ ಮೇಲಿನ ವಯರನ್ನು ನೋಡಿದ, ತನ್ನ ಎರಡು ಅಂಗೈಗಳನ್ನು ನೋಡಿಕೊಂಡ. ಅವಳು ಮೊಳೆಯಿಂದ ಕೆಂಪು ವಯರು ತೆಗೆದು, ಸಿಕ್ಕಿಸಿ, ತುಟಿ ಅಲುಗಿಸದೆ ಹತ್ತು ಎಣಿಸಿದಳು. ಅಂಕಿ ಇಳಿಯುತ್ತಾ ಬಂತು. ಸೊನ್ನೆಯಾಯಿತು. ಅವಳು ವಯರನ್ನು ಮೊಳೆಗೆ ಹಾಕಿ, ಅವನದೇ ಸ್ಟೂಲಿನ ಮೇಲೆ ಕೂತಳು.

“ಇದೇ ಮೊದಲಾ?”

“ಅಲ್ಲ. ಮೂರನೇ ಸಲ.”

“ಹೇಳಬಾರದಾಗಿತ್ತಾ?”

ಹೇಳಿದ್ದರೆ ನೀವು ನಿಲ್ಲಿಸಿಬಿಡುತ್ತಿದ್ದಿರಿ, ಅದಕ್ಕೇ ಹೇಳಲಿಲ್ಲ ಎಂದಳು. ಅದು ಅರ್ಧ ನಿಜ. ಅವನಿಗೆ ತಿಳಿಯದಂತೆ ಅವನನ್ನು ಕಾಯುತ್ತಿದ್ದೇನೆ ಎಂಬ ಹೆಮ್ಮೆ ಉಳಿದರ್ಧ. ಇವತ್ತು ಬಟ್ಟೆ ಎತ್ತಿಡುವುದು ಎರಡು ನಿಮಿಷ ತಡವಾಗಿದ್ದರೆ ಆ ಹೆಮ್ಮೆಯಿಂದ ಏನಾಗುತ್ತಿತ್ತೆಂದು ನೆನೆದು ಅವಳು ಕಣ್ಣು ಮುಚ್ಚಿದಳು. ದೇವರಿಗೆ ಹೇಳಿದ್ದನ್ನು ಇವರಿಗೂ ಹೇಳಬೇಕಿತ್ತು. ದೇವರಿಗೆ ಹೇಳಿ ಗಂಡನಿಂದ ಮುಚ್ಚಿಟ್ಟದ್ದನ್ನು ಪ್ರಾರ್ಥನೆ ಎಂದು ಕರೆಯಬಹುದೇ ಎಂಬ ಸಂಶಯ ಅವಳಿಗೆ ಅಂದು ಮೊದಲ ಸಲ ಬಂತು.

ಗುಂಯಣ್ಣ ಗಿಟಾರನ್ನು ಪಕ್ಕಕ್ಕಿಟ್ಟ. ಆಮೇಲೆ ಕಂಡಕ್ಟರಿಗೆ ಫೋನು ಮಾಡುತ್ತೇನೆ, ಬೇರೆ ಎಲ್ಲಾದರೂ ಕೊಡಲಿ ಎಂದ. ಎದ್ದು ಫೋನು ಕೈಗೆತ್ತಿಕೊಂಡ. ಹೆಸರು ಹುಡುಕಿದ. ಒತ್ತಲಿಲ್ಲ. ಬೇರೆಯವರು ಈ ಆಂಪಿಗೆ ಎಂಥ ಕಂಡೆನ್ಸರು ಹಾಕುತ್ತಾರೋ, ದನಿಯನ್ನು ಎಷ್ಟು ಒಣಗಿಸುತ್ತಾರೋ ಎಂಬ ಚಿಂತೆ ಅವನ ಮುಖದಲ್ಲಿ ಓಡಾಡಿದ್ದು ಅತ್ತಿಗೆಗೆ ಕಂಡಿತು. ಅವಳಿಗೆ ನಗು ಬಂತು.

“ಸೋಲ್ಡರ್ ಮಾಡೋದು ನನಗೆ ಬರಲ್ಲ. ನೀವು ಹೇಳಿ, ನಾನು ಮಾಡ್ತೀನಿ.”

“ನೀನು?”

“ನಾನಲ್ಲದೆ ಕಂಡಕ್ಟರ ಹೆಂಡತೀನಾ?”

ಅವನು ಇನ್ನೊಂದು ಸ್ಟೂಲು ಎಳೆದುಕೊಂಡು ಅವಳ ಎಡಕ್ಕೆ ಕೂತ. ಕೈಗಳು ತಾವಾಗಿಯೇ ಮುಂದೆ ಹೋಗುವುದನ್ನು ತಾನೇ ಕಂಡು, ಎರಡನ್ನೂ ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಕೂತುಬಿಟ್ಟ. ಹಳೆಯದನ್ನು ಬಿಡಿಸುವುದು ಹೇಗೆಂದು ಹೇಳಿದ. ಹೊಸದರ ಯಾವ ಕಾಲು ಎಲ್ಲಿಗೆ ಎಂದು ಎರಡು ಸಲ ಹೇಳಿದ. ಅವಳು ಕಾದ ಸೋಲ್ಡರ್ ಕಡ್ಡಿಯನ್ನು ಮುಟ್ಟಿಸಿದಳು. ಹೊಗೆ ಎದ್ದಿತು. ಸೀಸ ಕರಗಿ, ಹೇಗೋ ಮುದ್ದೆಯಾಗಿ, ನಿಂತಿತು.

“ಇಳಿಸಿದೀಯಾ ಅದನ್ನ?” ಎಂದು ಗುಂಯಣ್ಣ ಕೇಳಿದ.

ಇಳಿಸಿದ್ದನ್ನು ಅವನೇ ನೋಡಿ ಕಾಲು ಗಂಟೆಯೂ ಆಗಿರಲಿಲ್ಲ. ಮರೆತು ಕೇಳಿದನೋ, ಎಚ್ಚರಕ್ಕೆ ಕೇಳಿದನೋ ಅವಳಿಗೆ ತಿಳಿಯಲಿಲ್ಲ. ತಿಳಿಯಬೇಕೆಂದೂ ಅನ್ನಿಸಲಿಲ್ಲ. ಕಡ್ಡಿಯನ್ನು ಕೆಳಗಿಟ್ಟು, ಎಡಗೈ ಹಿಂದೆ ಹಾಕಿ, ಮೀಟರು ಮುಟ್ಟಿಸಿ ತೋರಿಸಿದಳು. ಸೊನ್ನೆ.

“ಸರಿ,” ಎಂದ. ಬಾಗಿ ಅವಳ ಬೆಸುಗೆಯನ್ನು ಕನ್ನಡಕದ ಮೇಲಿನಿಂದ ನೋಡಿದ, ಕೆಳಗಿನಿಂದ ನೋಡಿದ. “ಇದು ಅಂಟಿಕೊಂಡಿದೆ ಅಷ್ಟೆ, ಹಿಡಿದಿಲ್ಲ. ಬಿಚ್ಚು, ಇನ್ನೊಂದ್ಸಲ ಮಾಡು.”

ಅವಳು ಬಿಚ್ಚಿದಳು.